ಉತ್ತರದ ಇಳಿಜಾರಿನ ಹಿಮವರದಿ

ಹಿಮದ ವಿಷಯದಲ್ಲಿ ಸುಳ್ಳಾಡುವುದು ಪಾಪವೆಂದೇ ನಾನು ಇಂದಿಗೂ ಮಕ್ಕಳಿಗೆ ಕಲಿಸುತ್ತೇನೆ. ಟಿರೋಲ್ ಬೆಟ್ಟಸೀಮೆಯ ನಮ್ಮ ಹಳ್ಳಿಯಲ್ಲಿ ಸ್ಕೀ ಕಟ್ಟುವ ಮುನ್ನ ಎಲ್ಲರೂ ಫೋನು ಮಾಡಿ ಅಂದಿನ ಧ್ವನಿಮುದ್ರಿತ ಹಿಮವರದಿ ಕೇಳುತ್ತಾರೆ. ಮೊದಲು ವರದಿ ಓದುತ್ತಿದ್ದ ವಾಲ್ಬುರ್ಗಜ್ಜಿ ಹಿಮದಲ್ಲೊಂದು ಚೌಕದ ಕಂಬ ಕಡಿದು, ಸಲಿಕೆಯಿಂದ ತಟ್ಟಿ, ಅದು ಕುಸಿಯದಿದ್ದರೆ ಮಾತ್ರ ಇಳಿಜಾರು ತೆರೆದಿದೆ ಎನ್ನುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಜನರನ್ನು ಕುರ್ಚಿಗಳಲ್ಲಿ ಕೂರಿಸಿ ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿನ ಯಜಮಾನ ಆಂಬ್ರೋಸನೇ ವರದಿ ಓದತೊಡಗಿದ.

“ಉತ್ತರದ ಇಳಿಜಾರು ಅಗೆದು ನೋಡಿದ್ಯೇನಯ್ಯಾ?” ಎಂದು ಒಂದು ಸಂಜೆ ಅವನನ್ನು ಕೇಳಿದೆ.

“ಅಗೆಯೋಕೆ ಅದೇನು ಆಲೂಗಡ್ಡೆ ಹೊಲಾನಾ ಮೇಷ್ಟ್ರೇ? ಹೊಸ ಹಿಮ ಬಿದ್ದಿದೆ, ಮಕ್ಕಳನ್ನ ಕರ್ಕೊಂಡ್ ಬನ್ನಿ!”

ಮರುದಿನ ಬೆಳಿಗ್ಗೆ ಮಕ್ಕಳು ಸ್ಕೀ ಹೊತ್ತು ನಿಂತಿದ್ದಾಗ ಫೋನು ಮಾಡಿದೆ. ರಿಸೀವರು ಮಂಜುಗಡ್ಡೆಯಂತೆ ಕಿವಿಗೆ ಅಂಟಿತು. ಮೊದಲು ಹಿಮವನ್ನು ಸಲಿಕೆ ತಟ್ಟುವ ಸದ್ದು, ಆಮೇಲೆ ಏನೋ ಮೆತ್ತಗೆ ಜಾರಿ ಬಿದ್ದ ಸದ್ದು ಕೇಳಿಸಿತು. ನಂತರ ಅಜ್ಜಿಯ ದನಿ: “ಉತ್ತರದ ಇಳಿಜಾರು ಒಳಗೆಲ್ಲ ಟೊಳ್ಳು. ಇವತ್ತು ಮನೇಲೇ ಇರು ಚಿನ್ನಾ.”

ಮಕ್ಕಳನ್ನು ಮನೆಗೆ ಕಳಿಸಿದೆ. ಅದೇ ದನಿ ಕೇಳಿದ ಊರಿನವರು ಯಾರೂ ಮನೆ ಬಿಡಲಿಲ್ಲ. ಮಧ್ಯಾಹ್ನ ಆ ಇಳಿಜಾರಿನ ಹಿಮವೆಲ್ಲ ಕುಸಿದು, ಲಿಫ್ಟಿನ ಖಾಲಿ ಕುರ್ಚಿಗಳನ್ನು ಮುಚ್ಚಿತು.

ಸಂಜೆ ಆಂಬ್ರೋಸ್ ತಾನು ಧ್ವನಿಮುದ್ರಿಸಿಟ್ಟಿದ್ದ ಅಂದಿನ ವರದಿಯನ್ನು ಕೇಳಿಸಿದ. ಅದರಲ್ಲಿದ್ದುದು ಅವನ ದನಿ ಮಾತ್ರ: “ಎಲ್ಲ ಇಳಿಜಾರೂ ತೆರೆದಿವೆ.”

“ಮತ್ತೆ ಲಿಫ್ಟು ಯಾಕೆ ಓಡಿಸ್ಲಿಲ್ಲ?” ಎಂದು ಗದರಿದೆ.

ಅವನು ಕಿವಿ ಉಜ್ಜಿಕೊಂಡ. “ವರದಿ ಸರಿಯಾಗಿ ಬರ್ತಿದ್ಯಾ ಅಂತ ನಾನೂ ಫೋನ್ ಮಾಡ್ದೆ ಮೇಷ್ಟ್ರೇ. ನನ್ನನ್ನೂ ಚಿನ್ನಾ ಅಂದ್ಲು.”