ಬಾಯಿಕಟ್ಟಿನ ಬೀಗ

“ಅದನ್ನು ಬಕೆಟಿನ ನೀರಲ್ಲೇ ಬಿಡು ಮಗಳೆ. ಕಟರಂತೂ ತಾಗಿಸ್ಲೇಬೇಡ,” ಎಂದರು ಸಿದ್ದೀಕ್.

ರುಮೈಸಾ ನಕ್ಕಳು. ನೀರೊಳಗಿನ ರೋಬೋ ಆಗಷ್ಟೇ ಉಕ್ಕಿನ ಬೆರಳಲ್ಲಿ ಕಚ್ಚಿ ತಂದದ್ದು ಅಂಗೈಯಗಲದ ಹಿತ್ತಾಳೆ ಬೀಗ. ಮೈತುಂಬ ಕಪ್ಪು ನೂಲು, ನೂಲಿನುದ್ದಕ್ಕೂ ಗಂಟು, ಗಂಟಿನ ಸಂದಿಯಲ್ಲಿ ಯಾರದೋ ನೀಳ ಕೂದಲು. ಕೊಳೆತ ಕೆಸರಿನ ನಾತದ ಅಡಿಯಿಂದ ಲೋಬಾನದ ಹೊಗೆಯ ವಾಸನೆಯೊಂದು ಮೆಲ್ಲಗೆ ಏಳುತ್ತಿತ್ತು. ನೀರಿನ ತಳದಲ್ಲಿ ಬಿದ್ದಿದ್ದ ವಸ್ತುವಿಗೆ ಹೊಗೆ ಹೇಗೆ ಹತ್ತಿತೆಂದು ಅವಳು ಯೋಚಿಸಲಿಲ್ಲ.

ಭಟ್ಕಳದಿಂದ ಬಂದು ಅಲ್ ಕೂಜ್‌ನ ಈ ಕಂಪನಿಗೆ ಸೇರಿ ಅವಳಿಗೆ ತಿಂಗಳು ತುಂಬಿರಲಿಲ್ಲ. ದುಬೈಯ ವಿಲ್ಲಾಗಳ ನಡುವೆ ತೋಡಿದ ಕೆರೆಗಳ ತಳದಿಂದ ಜನ ಬೀಳಿಸಿಕೊಂಡ ಫೋನು, ಉಂಗುರ, ಎಸೆದ ಬಾಟಲಿ, ಸೂಪರ್‌ಮಾರ್ಕೆಟಿನ ಟ್ರಾಲಿ ಎತ್ತುವುದು ಕೆಲಸ. ರೋಬೋ ನಡೆಸುವವಳು ಅವಳು. ಅದಕ್ಕೆ ಎಟುಕದ್ದಕ್ಕೆ ಮುಳುಗುವವರು ಉಳ್ಳಾಲದ ಸಿದ್ದೀಕ್. ಅವಳ ನವಾಯತಿ ಮಾತು ಅವರಿಗೆ ತಿಳಿಯದು, ಅವರ ಬ್ಯಾರಿ ಅವಳಿಗೆ. ನಡುವೆ ಇದ್ದದ್ದು ಕನ್ನಡ. ಕೆಸರು ಕದಡಿತೆಂದರೆ ಮುಳುಗಿದವನಿಗೆ ತನ್ನ ಕೈಯೇ ಕಾಣದು. ಆಗ ದಂಡೆಯಲ್ಲಿ ಕುಳಿತು, ಪರದೆಯ ಮೇಲಿನ ಸೋನಾರ್ ಚಿತ್ರ ನೋಡುತ್ತ, ಮೈಕಿನ ತಂತಿಯ ಮೂಲಕ ಅವಳು ದಾರಿ ಹೇಳಬೇಕು; ಅವರ ಮಾತು ದಂಡೆಯ ಸ್ಪೀಕರಿನಲ್ಲಿ ಕೇಳುತ್ತದೆ. ಅವರು ಕಿವಿಯನ್ನು ನಂಬಿ ಚಲಿಸಬೇಕು.

“ಇದು ಬಾಯಿಕಟ್ಟು,” ಸಿದ್ದೀಕ್ ದನಿ ತಗ್ಗಿಸಿದರು. “ಯಾರದ್ದೋ ಮಾತು ನಿಲ್ಲಿಸ್ಲಿಕ್ಕೆ ಮಾಡಿ ಬಿಸಾಡಿದ್ದು. ಉಸ್ತಾದರು ಓದಿ ಊದಿ, ಒಂದೊಂದೇ ಗಂಟು ಬೆರಳಲ್ಲಿ ಬಿಡಿಸ್ಬೇಕು. ಕತ್ತರಿಸಿದವರ ದನಿ ಅದು ತಕೊಳ್ತದೆ.”

“ತಕೊಳ್ಲಿ ಕಾಕ. ನನ್ನ ಬಾಯಿ ನಿಂತ್ರೆ ನಮ್ಮ ಮನೆಯಲ್ಲಿ ಬಿರಿಯಾನಿ ಹಂಚ್ತಾರೆ.”

“ತಮಾಷೆ ಅಲ್ಲ ಮಾರಾಯ್ತಿ.”

“ಲೋಹ ಬೇರೆ, ಕಸ ಬೇರೆ ಮಾಡಿ ಇಡ್ಲಿಕ್ಕೆ ಕಂಪನಿ ಹೇಳಿದೆ. ಮಾಟಕ್ಕೆ ಅಂತ ಡಬ್ಬಿ ಕೊಟ್ಟಿಲ್ಲ. ನೀವು ಇಳೀರಿ, ಯಲ್ಲಾ. ಬೆಳಕು ಹೋಗ್ತಾ ಉಂಟು.”

ಸಿದ್ದೀಕ್ ತುಟಿಯಲ್ಲೇ ಏನನ್ನೋ ಓದಿ ಎದೆಗೆ ಊದಿಕೊಂಡರು. ಸೊಂಟಕ್ಕೆ ಹಗ್ಗ ಬಿಗಿದು, ಮೈಕಿರುವ ಮುಖವಾಡ ಎತ್ತಿಕೊಂಡರು. “ನಾನು ಬರುವವರೆಗೆ ಮುಟ್ಬೇಡ. ಕೆಳಗೆ ನಂಗೆ ನಿನ್ನ ದನಿಯೇ ದಾರಿ.”

ಕಂದು ನೀರು ಅವರ ತಲೆಯ ಮೇಲೆ ಮುಚ್ಚಿಕೊಂಡಿತು.

ಬೇಕೆಂದೇ ಅವಳು ಬೀಗ ಎತ್ತಿದಳು. ಚಿಕ್ಕಂದಿನಿಂದ ನೂಲು, ತಾಯಿತ, ಕಣ್ಣು ತಾಗೀತು ಎಂಬ ಪಿಸುಮಾತುಗಳಿಂದ ತನ್ನನ್ನು ಸುಮ್ಮನಿರಿಸಿದವರ ಮುಖಗಳೆಲ್ಲ ಎದುರಿಗೆ ಬಂದವು. ಅವಳು ಎಲ್ಲ ಗಂಟುಗಳಿಗೂ ಒಟ್ಟಿಗೇ ಕಟರ್ ಹಾಕಿದಳು. ನೂಲು ಕಡಿದು ಬಿತ್ತು. ಕೀಲಿಯಿಲ್ಲದೆ ಬೀಗ ಬಾಯಿ ತೆರೆಯಿತು. ಅವಳ ಗಂಟಲಲ್ಲಿ ಏನೋ ಟಕ್ಕೆಂದು ಕೂಡಿಕೊಂಡಿತು.

ಲೋಬಾನದ ವಾಸನೆ ಮೂಗಿಗೆ ಅಡರಿತು.

“ಬಲೆ ಅಡ್ಡ ಉಂಟು,” ಸ್ಪೀಕರಿನಲ್ಲಿ ಸಿದ್ದೀಕ್ ಏದುಸಿರು ಬಿಡುತ್ತಿದ್ದರು. “ಎಡವಾ ಬಲವಾ ಮಗಳೆ?”

ಪರದೆಯಲ್ಲಿ ಅವರ ಆಕೃತಿ ಬೂದು ನೆರಳಾಗಿ ತೇಲುತ್ತಿತ್ತು. ಎಡಕ್ಕೆ ಪಕ್ಕದ ಕೆರೆಗೆ ನೀರು ಹಾಯುವ ಕೊಳವೆಯ ಕಪ್ಪು ಬಾಯಿ. ಒಳಹೊಕ್ಕವನಿಗೆ ತಿರುಗಲು ಜಾಗವಿಲ್ಲ. ಬಲಕ್ಕೆ ಬನ್ನಿ ಎನ್ನಲು ಅವಳು ಬಾಯಿ ತೆರೆದಳು. ಉಸಿರು ಬಂತು. ಸದ್ದು ಬರಲಿಲ್ಲ. ಕೆಮ್ಮಿದಳು. ಕೆಮ್ಮಿಗೂ ಸದ್ದಿಲ್ಲ.

“ಎಡಕ್ಕೆ ಬನ್ನಿ ಕಾಕ,” ಎಂದಿತು ಸ್ಪೀಕರು.

ಅವಳದೇ ದನಿ. ಅದೇ ಭಟ್ಕಳದ ಎಳೆತ.

“ಸರಿ ಮಗಳೆ.” ನೆರಳು ಎಡಕ್ಕೆ ತಿರುಗಿತು.

ಅವಳು ಹಗ್ಗಕ್ಕೆ ಹಾರಿದಳು. ಎಳೆದಳು. ಅಂಗೈ ಸುಲಿಯಿತು. ಹಗ್ಗ ಬಿಗಿಯಾಯಿತು.

“ಹಗ್ಗ ಬಲೆಗೆ ಸಿಕ್ಕಿದೆ ಕಾಕ. ಬಿಚ್ಚಿಬಿಡಿ.”

ಹಗ್ಗ ಸಡಿಲಾಗಿ ಬರಿದೇ ಮೇಲೆ ಬಂತು.

ಕೊಳವೆಯ ಬಾಯಿಗೆ ಮೊಳ ಮಾತ್ರ ಉಳಿದಿತ್ತು. ಅವಳು ರೋಬೋ ನಡೆಸುವ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ಕೆಸರು. ಕತ್ತಲು. ಗುಳ್ಳೆಗಳು. ಒಂದು ಕಾಲು ಕೊಳವೆಯೊಳಗೆ ಮರೆಯಾಗುತ್ತಿತ್ತು. ಉಕ್ಕಿನ ಬೆರಳು ಚಾಚಿತು. ತಪ್ಪಿತು. ಮತ್ತೆ ಚಾಚಿತು. ಪಾದದ ಪಟ್ಟಿ ಸಿಕ್ಕಿತು. ಹಿಂದಕ್ಕೆ. ಹಿಂದಕ್ಕೆ. ಅವರು ಒದ್ದರು. ಅವಳು ಬಿಡಲಿಲ್ಲ. “ಬಿಡಿಸ್ಕೊಳ್ಳಿ ಕಾಕ, ಅದು ನಾನಲ್ಲ,” ಎಂದು ಅವಳ ದನಿ ಅತ್ತಿತು. ಅವಳು ಹಲ್ಲು ಕಚ್ಚಿ ಎಳೆದಳು.

ಸಿದ್ದೀಕ್ ದಂಡೆಗೆ ಬಿದ್ದು ಮುಖವಾಡ ಕಿತ್ತೆಸೆದರು. ಮುಖವಾಡ ಕಿತ್ತೆಸೆದರು.

“ಹಗ್ಗ ಬಿಚ್ಚು ಅಂತ ಯಾಕೆ ಹೇಳಿದ್ದು ನೀನು?”

ಅವಳು ಬಾಯಿ ತೆರೆದು ತೋರಿಸಿದಳು. ಅವರು ನೆಲದ ಮೇಲಿನ ತುಂಡು ನೂಲು ನೋಡಿದರು. ಒದ್ದೆ ಕೈಯನ್ನು ಅವಳ ತಲೆಯ ಮೇಲಿಟ್ಟು ಓದತೊಡಗಿದರು. ಓದುತ್ತ ಓದುತ್ತ ಅವರ ಸ್ವರ ಒಡೆಯಿತು. ಅವಳ ತುಟಿ ಅವರೊಂದಿಗೆ ಅಲುಗಿತು. ಗಂಟಲು ಅಲುಗಲಿಲ್ಲ.

“ಕಾಕ, ಎಲ್ಲಿ ಹೋದ್ರಿ?” ಸ್ಪೀಕರು ಮಾತಾಡುತ್ತಲೇ ಇತ್ತು. ಬರಬರುತ್ತ ಸ್ಪೀಕರಿನಿಂದಲ್ಲ, ನೀರಿನಿಂದಲೇ ಕೇಳತೊಡಗಿತು. ಆಚೆ ದಂಡೆಯ ವಿಲ್ಲಾದ ಹೆಂಗಸೊಬ್ಬಳು ನಡಿಗೆ ನಿಲ್ಲಿಸಿ ನೀರಿನತ್ತ ಬಾಗಿದಳು. “ಬನ್ನಿ,” ಎಂದಿತು ಕೆರೆ. ಆಕೆ ಒಂದು ಹೆಜ್ಜೆ ಮುಂದಿಟ್ಟಳು.

“ಬಂದ್ ಮಾಡು ಮಗಳೆ. ಖಲಾಸ್. ನಾವು ಹೋಗುವ,” ಸಿದ್ದೀಕ್ ಸ್ವಿಚ್ಚಿಗೆ ಕೈ ಚಾಚಿದರು.

ರುಮೈಸಾ ಆ ಕೈಯನ್ನು ಹಿಡಿದು ಸರಿಸಿದಳು. ಆಚೆ ದಂಡೆಯತ್ತ ಬೆರಳು ತೋರಿಸಿ ಅವರನ್ನು ದೂಡಿದಳು. ಅವರು ಕೂಗುತ್ತ ಓಡಿದರು. ಅವಳು ಕುಳಿತಳು. ರೋಬೋದ ದೀಪಗಳನ್ನೆಲ್ಲ ಉರಿಸಿ, ತನ್ನ ದನಿಯನ್ನು ಬೆನ್ನಟ್ಟಿ ಅದನ್ನು ಆ ಕೊಳವೆಯ ಬಾಯೊಳಗೆ ನುಗ್ಗಿಸಿದಳು. ಪರದೆಯಲ್ಲಿ ಕಪ್ಪು, ಕಪ್ಪಿನೊಳಗೆ ಇನ್ನೂ ಕಪ್ಪು, ಅದರಾಚೆ ಏನೋ ಹಿಂದೆ ಹಿಂದೆ ಸರಿಯುತ್ತಿತ್ತು.

ನೀರಿನಲ್ಲಿ ಅವಳ ದನಿ ಮೊದಲ ಬಾರಿಗೆ ನಡುಗಿತು. “ಯಾರು?” ಎಂದಿತು.

ಅವಳು ಹಿಡಿಯನ್ನು ಇನ್ನಷ್ಟು ಮುಂದಕ್ಕೆ ಒತ್ತಿದಳು.