ಸಿಡಿಲಾನೆಗಳೂ ಸೀಸೆಯೊಳಗಿನ ಅಣ್ಣನೂ

ಬಹಳ ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ತಾಮ್ರಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಯಾರೂ ದೀಪಕ್ಕೆ ಎಣ್ಣೆ ಹಾಕುತ್ತಿರಲಿಲ್ಲ. ಬೆಟ್ಟದ ಮೇಲೆ ಸಿಡಿಲಾನೆಗಳಿದ್ದವು. ಒಂದೊಂದೂ ಬೆಕ್ಕಿನಷ್ಟೇ ದೊಡ್ಡದು. ಅವು ಸಾಲಾಗಿ ನಿಂತು ತಳ್ಳಿದರೆ ತಾಮ್ರದ ತಂತಿಯೊಳಗೆ ಮಿಂಚು ಹರಿಯುತ್ತಿತ್ತು, ಊರಿನ ದೀಪಗಳು ಉರಿಯುತ್ತಿದ್ದವು. ಒಂದು ಆನೆ ತಳ್ಳುವ ಬಲಕ್ಕೆ ಅಲ್ಲಿಯವರು ಒಂದು ವೋಲ್ಟ್ ಅನ್ನುತ್ತಿದ್ದರು.

ಆ ರಾಜ್ಯದಲ್ಲಿ ತಾಮ್ರವನ್ನು ಅಚ್ಚಿನ ತೂತಿನಲ್ಲಿ ತೂರಿಸಿ ತಂತಿ ಎಳೆಯುವ ಅಣ್ಣ ತಂಗಿ ಇದ್ದರು. ಅಣ್ಣ ಕೆಂಚಣ್ಣ ಬಾಯಿಬಡುಕ. ತಂಗಿ ಹೊನ್ನಿಗೆ ಮಾತು ಕಡಿಮೆ, ನೋಡುವುದು ಜಾಸ್ತಿ. ಒಂದು ಬೆಳಿಗ್ಗೆ ಮಸಿರಾಯ ಎಂಬ ಮಾಂತ್ರಿಕ ಬೀದಿಯಲ್ಲಿ ಬರುತ್ತಿದ್ದ. ಕೆಂಚಣ್ಣ ಅವನ ಗಡ್ಡ ನೋಡಿ, "ಏನಜ್ಜ, ಗೂಡು ಖಾಲಿ ಇದೆಯಾ? ನಮ್ಮ ಗುಬ್ಬಿಗೆ ಬಾಡಿಗೆ ಮನೆ ಬೇಕಿತ್ತು" ಅಂದ.

ಮಾಂತ್ರಿಕನಿಗೆ ರೇಗಿತು. ಛೂ ಅಂದ. ಕೆಂಚಣ್ಣ ಹೆಬ್ಬೆರಳಿನಷ್ಟಾಗಿ ಒಂದು ಗಾಜಿನ ಸೀಸೆಯೊಳಗೆ ಬಿದ್ದ. ಸೀಸೆಯ ಸುತ್ತ ಮಾಯಾತಂತಿಯ ಸುರುಳಿ ಇತ್ತು.

"ಕೇಳು ಹುಡುಗಿ," ಅಂದ ಮಸಿರಾಯ. "ಈ ಸುರುಳಿಗೆ ಸರಿಯಾಗಿ ನೂರು ವ್ಯಾಟ್ ಶಕ್ತಿ ಸಿಕ್ಕರೆ ಮುಚ್ಚಳ ತೆರೆಯುತ್ತೆ. ಕಡಿಮೆ ಆದರೆ ತೆರೆಯಲ್ಲ. ಹೆಚ್ಚಾದರೆ ನಿನ್ನ ಅಣ್ಣ ಹುರಿಗಡಲೆ. ಹೊತ್ತು ಮುಳುಗಿತೋ, ಅವನು ಎಂದೆಂದಿಗೂ ನನ್ನ ಕಪಾಟಿನ ಗೊಂಬೆ!"

ಹೊನ್ನಿ ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೆಟ್ಟ ಹತ್ತಿದಳು. ಮಾಂತ್ರಿಕ ನಗುತ್ತಾ ಹಿಂದೆಯೇ ಬಂದ.

ಮೊದಲು ಆನೆಗಳನ್ನು ಸಾಲಾಗಿ ನಿಲ್ಲಿಸಬೇಕಿತ್ತು. ಮಸಿರಾಯನ ಮಂತ್ರಕ್ಕೆ ಸಿಕ್ಕಿ ಅವು ಅತ್ತ ಒಂದು ಇತ್ತ ಒಂದು ಮುಖ ಮಾಡಿ ನಿಂತು ಜಗಳವಾಡುತ್ತಿದ್ದವು.

"ಅಕ್ಕಾ, ಇವನು ನನ್ನ ಬಾಲ ಮೂಸ್ತಾನೆ!"

"ನಾನ್ಯಾಕೆ ಮೂಸಲಿ? ಅವಳೇ ಮೂತಿಗೆ ತಂದಿಡ್ತಾಳೆ!"

ಒಂದು ಮುಂದಕ್ಕೆ ತಳ್ಳಿದರೆ ಎದುರಿನದು ಹಿಂದಕ್ಕೆ ತಳ್ಳುತ್ತಿತ್ತು. ಬಲವೆಲ್ಲ ಅಲ್ಲಲ್ಲೇ ಸತ್ತುಹೋಗುತ್ತಿತ್ತು. ಹೊನ್ನಿ ಒಂದೊಂದರ ಕಿವಿ ಸವರಿ, ಬೆಲ್ಲ ಕೊಟ್ಟು, ಎಲ್ಲದರ ಮುಖವನ್ನೂ ಒಂದೇ ಕಡೆ ತಿರುಗಿಸಿದಳು. ಮೊದಲಿಗೆ ಹನ್ನೆರಡು ಆನೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ತಂತಿಯನ್ನು ಸೀಸೆಯ ಸುರುಳಿಗೆ ಜೋಡಿಸಿದಳು.

ಆಮೇಲೆ ತಂತಿಯಲ್ಲಿ ಎಷ್ಟು ಮಿಂಚು ಹರಿಯುತ್ತಿದೆ ಅಂತ ತಿಳಿಯಬೇಕಿತ್ತು. ಅದನ್ನು ಹೇಳಬಲ್ಲವನು ಬೆಳ್ಳಿಯ ಕೊಕ್ಕರೆ ಒಬ್ಬನೇ. ಅವನು ದೂರದ ಬಂಡೆಯ ಮೇಲೆ ಕೂತು, "ಹತ್ತು! ಅಲ್ಲ, ಎರಡು! ನಿನಗೆ ಎಷ್ಟು ಬೇಕು ಹೇಳಮ್ಮಣ್ಣಿ, ಅಷ್ಟೇ ಇಟ್ಟುಕೋ" ಅಂದ.

"ದೂರ ಕೂತರೆ ಯಾರಿಗೆ ಗೊತ್ತಾಗುತ್ತೆ ಮಾವ?" ಅಂತ ಹೊನ್ನಿ ಅವನನ್ನು ಎತ್ತಿ ತಂದು, ತಂತಿಯನ್ನು ನಡುವೆ ಕತ್ತರಿಸಿದಳು. ಒಂದು ತುದಿಯನ್ನು ಅವನ ಎಡಗಾಲಿಗೆ, ಇನ್ನೊಂದು ತುದಿಯನ್ನು ಬಲಗಾಲಿಗೆ ಸುತ್ತಿದಳು. ಈಗ ಹರಿಯುವುದೆಲ್ಲ ಅವನ ಮೂಲಕವೇ ಹೋಗಬೇಕು. ಕೊಕ್ಕರೆಗೆ ಕಚಗುಳಿಯಾಯಿತು. "ಹಿಹಿ! ಮೂರು ಆಂಪಿಯರ್! ಆಣೆಗೂ ಮೂರು!"

ಹೊನ್ನಿ ಬೆರಳು ಮಡಚಿದಳು. ಹನ್ನೆರಡು ವೋಲ್ಟ್ ತಳ್ಳಿದರೆ ಮೂರು ಆಂಪಿಯರ್ ಹರಿಯಿತು. ಹನ್ನೆರಡನ್ನು ಮೂರರಿಂದ ಭಾಗಿಸಿದರೆ ಸುರುಳಿಯ ತಡೆ ನಾಲ್ಕು ಓಮ್. ಹನ್ನೆರಡನ್ನು ಮೂರರಿಂದ ಗುಣಿಸಿದರೆ ಶಕ್ತಿ ಮೂವತ್ತಾರು ವ್ಯಾಟ್.

"ಅಣ್ಣಾ, ಹೇಗಿದೆ?"

"ಬೆಚ್ಚಗಿದೆ ಕಣೇ! ಚಳಿಗಾಲ ಆಗಿದ್ದರೆ ಇಲ್ಲೇ ಇದ್ದುಬಿಡ್ತಿದ್ದೆ!"

ಸೂರ್ಯ ಕೆಂಪಾಗುತ್ತಿದ್ದ. ಮಸಿರಾಯ ಹತ್ತಿರ ಬಂದು ಬೆಣ್ಣೆಯಂಥ ದನಿಯಲ್ಲಿ ಹೇಳಿದ: "ಪಾಪ, ಹೊತ್ತಾಯ್ತಲ್ಲ ಮಗಳೇ. ಲೆಕ್ಕ ಸುಲಭ. ಮೂವತ್ತಾರಕ್ಕೆ ಹನ್ನೆರಡು ಆನೆ ಆದರೆ ನೂರಕ್ಕೆ ಮೂವತ್ತಮೂರು. ಕಟ್ಟಿಬಿಡು!"

ಹೌದಲ್ಲ ಅನ್ನಿಸಿತು ಹೊನ್ನಿಗೆ. ಮೂವತ್ತಮೂರು ಆನೆಗಳನ್ನು ಕರೆದೂಬಿಟ್ಟಳು. ಆದರೆ ತಂತಿ ಎಳೆಯುವವರ ಕೈ ಒಂದೇ ಸಲಕ್ಕೆ ಎಳೆಯುವುದಿಲ್ಲ. ದೊಡ್ಡ ತೂತಿನಿಂದ ಅದಕ್ಕಿಂತ ಸ್ವಲ್ಪ ಸಣ್ಣದಕ್ಕೆ, ಅಲ್ಲಿಂದ ಇನ್ನೂ ಸ್ವಲ್ಪ ಸಣ್ಣದಕ್ಕೆ. ಆತುರಪಟ್ಟರೆ ತಂತಿ ತುಂಡಾಗುತ್ತದೆ. ಅವಳು ಸಾಲಿಗೆ ನಾಲ್ಕೇ ಆನೆ ಸೇರಿಸಿದಳು.

"ನಾಲ್ಕು ಆಂಪಿಯರ್!" ಅಂತ ಕೊಕ್ಕರೆ ಕುಣಿದ.

ಹದಿನಾರು ನಾಲ್ಕಲಿ ಅರವತ್ತನಾಲ್ಕು. ಮಾಂತ್ರಿಕನ ಲೆಕ್ಕದಂತೆ ನಲವತ್ತೆಂಟು ಆಗಬೇಕಿತ್ತು! ಹೊನ್ನಿ ಮತ್ತೆ ಬೆರಳು ಮಡಚಿದಳು. ತಳ್ಳುವ ಬಲ ಹೆಚ್ಚಿದರೆ ಹರಿವೂ ಹೆಚ್ಚುತ್ತದೆ. ಎರಡೂ ಬೆಳೆದರೆ ಶಕ್ತಿ ಜಿಗಿಯುತ್ತದೆ. ಮೂವತ್ತಮೂರು ಕಟ್ಟಿದ್ದರೆ ಇನ್ನೂರ ಎಪ್ಪತ್ತೆರಡನ್ನೂ ದಾಟುತ್ತಿತ್ತು.

"ಲೇ ಹೊನ್ನಿ, ಬೆವರು ಬಂತು! ಏನು ಯೋಚನೆ ಮಾಡ್ತಿದ್ದೀಯ?"

"ಸುಮ್ಮನಿರೋ ಅಣ್ಣ, ಭಾಗಾಕಾರ ಮಾಡ್ತಿದ್ದೀನಿ."

ತಡೆ ನಾಲ್ಕು. ಇಪ್ಪತ್ತು ಆನೆ ತಳ್ಳಿದರೆ ಇಪ್ಪತ್ತನ್ನು ನಾಲ್ಕರಿಂದ ಭಾಗಿಸಿ ಐದು ಆಂಪಿಯರ್. ಇಪ್ಪತ್ತು ಐದಲಿ ನೂರು!

ಇನ್ನು ನಾಲ್ಕು ಆನೆ ಸಾಲಿಗೆ ಬಂದವು. ಕೊಕ್ಕರೆ "ಐದು!" ಅಂದ. ಸೂರ್ಯನ ಅಂಚು ಮಾತ್ರ ಉಳಿದಿತ್ತು. ಟಪ್ ಅಂತ ಮುಚ್ಚಳ ಹಾರಿತು. ಕೆಂಚಣ್ಣ ಹೊರಗೆ ಬಿದ್ದು, ಉಬ್ಬಿ, ಮೊದಲಿನಷ್ಟೇ ಎತ್ತರವಾದ. ಮೀಸೆಯ ಒಂದು ಕೂದಲೂ ಸೀದಿರಲಿಲ್ಲ.

"ಮೋಸ!" ಅಂತ ಮಸಿರಾಯ ಮತ್ತೆ ಛೂ ಅನ್ನಲು ಬಾಯಿ ತೆರೆದ. ಆದರೆ ಅವನ ಮಂತ್ರ ಕಳಚಿಕೊಂಡ ಆನೆಗಳೆಲ್ಲ ಅವನ ಬೆನ್ನಿಗೆ ಸಾಲಾಗಿ ನಿಂತಿದ್ದವು.

"ಅಜ್ಜಾ, ಮೂವತ್ತಮೂರು ಅಂದಿರಲ್ಲ? ಎಲ್ಲಾ ಇದ್ದೀವಿ!"

ಅವು ಒಟ್ಟಿಗೆ ತಳ್ಳಿದವು. ಮಾಂತ್ರಿಕ ಬೆಟ್ಟ ದಾಟಿ, ಗಡಿ ದಾಟಿ, ಗಡ್ಡ ಮುಂದೆ ತಾನು ಹಿಂದೆ ಹಾರಿಹೋದ. ಹಾರುವಾಗ ಅವನ ಮಂತ್ರಗಳೆಲ್ಲ ಜೇಬಿನಿಂದ ಉದುರಿ ಮಿಂಚುಹುಳುಗಳಾದವು.

ಕೆಂಚಣ್ಣ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟ ಇಳಿದ. ದಾರಿಯುದ್ದಕ್ಕೂ ದೀಪಗಳು ಹತ್ತಿಕೊಂಡವು. ತಾಮ್ರಗಿರಿಯವರು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ಬೆಳಕು ಕಂಡು, ಬಹುಕಾಲ ಸುಖವಾಗಿದ್ದರು. ಆನೆಗಳಿಗೆ ಬೆಲ್ಲ ಮಾತ್ರ ಎಷ್ಟಿದ್ದರೂ ಸಾಲುತ್ತಿರಲಿಲ್ಲ.