ಹಾಗಲ್ಲ ಎನ್ನಬೇಕಿತ್ತು

ಮೊದಲ ದಿನವೇ ಅವನು ನನಗೆ ಸುಳ್ಳು ಹೇಳಿದ.

"ನನ್ನ ಪಕ್ಕ ಹಾಕಿದ್ದಾರಾ ನಿಮ್ಮನ್ನ? ಪಾಪ. ನನಗೆ ಎರಡು ಭಾಷೆ ಬರುತ್ತೆ ಅಂತಾರೆ. ನಿಜ ಹೇಳ್ಬೇಕಂದ್ರೆ ಎರಡರಲ್ಲೂ ತೊದಲ್ತೀನಿ, ಅಷ್ಟೇ."

ನಾನು ನಂಬಿದೆ. ಅವನ ಪಾಲಿನ ಕೆಲಸವೂ ನನ್ನ ತಲೆಗೇ ಬರುತ್ತದೆಂದು ಬೆನ್ನು ಸೆಟೆಸಿ ಕೂತೆ. ಹತ್ತು ನಿಮಿಷದಲ್ಲಿ ಗೊತ್ತಾಯಿತು, ಅಷ್ಟು ಒಳ್ಳೆಯ ದುಭಾಷಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ನಮ್ಮ ಕೆಲಸ ಇಷ್ಟು. ಸಭಾಂಗಣದ ಹಿಂಬದಿಯಲ್ಲಿ ಗಾಜಿನದೊಂದು ಪುಟ್ಟ ಕೋಣೆ. ಎರಡು ಕುರ್ಚಿ, ಎರಡು ಮೈಕು. ವೇದಿಕೆಯಲ್ಲಿ ಇಂಗ್ಲಿಷಿನಲ್ಲಿ ಆಡಿದ್ದನ್ನು, ಆಡುತ್ತಿರುವಾಗಲೇ ನಮ್ಮ ಭಾಷೆಗೆ ತಂದು ಸಭಿಕರ ಹೆಡ್‌ಫೋನಿಗೆ ಸುರಿಯಬೇಕು. ಅರ್ಧ ಗಂಟೆ ಒಬ್ಬರು, ಅರ್ಧ ಗಂಟೆ ಇನ್ನೊಬ್ಬರು. ಅದಕ್ಕಿಂತ ಹೆಚ್ಚು ಹೊತ್ತು ತಲೆ ತಡೆಯುವುದಿಲ್ಲ. ಸೇರಿಸಬಾರದು, ಬಿಡಬಾರದು. ನಿಯಮ ಅದೊಂದೇ.

ನಮ್ಮ ದನಿ ನಮಗೇ ಕೇಳಿಸಲೆಂದು ಒಂದು ಕಿವಿಯನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟುಕೊಳ್ಳುತ್ತೇವೆ. ಅವನು ಬಲಗಿವಿ ಮುಚ್ಚುವವನು, ನಾನು ಎಡಗಿವಿ. ಹೀಗಾಗಿ ತೆರೆದ ಕಿವಿಗಳೆರಡೂ ಒಂದರತ್ತ ಒಂದು ತಿರುಗಿರುತ್ತಿದ್ದವು. ಇದರಲ್ಲೇನೂ ವಿಶೇಷವಿಲ್ಲ ಎಂದು ಮೂರು ತಿಂಗಳು ವಾದಿಸಿದೆ, ನನ್ನ ಜೊತೆಗೇ.

ಒಮ್ಮೆ ವಯಸ್ಸಾದ ಇಂಜಿನಿಯರೊಬ್ಬರು, "ಮೂವತ್ತು ವರ್ಷದಿಂದ ಸೇತುವೆ ಕಟ್ಟುತ್ತಿದ್ದೇನೆ, ನನಗೇನೂ ಗೊತ್ತಿಲ್ಲವೆಂಬುದು ಇನ್ನೂ ಯಾರಿಗೂ ಗೊತ್ತಾಗಿಲ್ಲ" ಎಂದು ಇಂಗ್ಲಿಷಿನಲ್ಲಿ ಭಾಷಣ ಶುರು ಮಾಡಿದರು. ಮುಂದಿನ ಸಾಲು ಗೊಳ್ಳೆಂದು ನಕ್ಕಿತು. ನಾನು ಇದ್ದದ್ದನ್ನು ಇದ್ದಂತೆ ತಂದೆ. ಹೆಡ್‌ಫೋನ್ ಹಾಕಿಕೊಂಡಿದ್ದವರಲ್ಲಿ ಒಬ್ಬರೂ ನಗಲಿಲ್ಲ. ಚಹಾದ ವೇಳೆಗೆ ಪುರಸಭೆಯ ಅಧ್ಯಕ್ಷರು ನನ್ನನ್ನು ಹುಡುಕಿಕೊಂಡು ಬಂದರು. "ಅಲ್ಲಮ್ಮಾ, ನಮ್ಮೂರ ಸೇತುವೆ ಇವರದ್ದೇ. ಏನೂ ಗೊತ್ತಿಲ್ಲ ಅಂತ ಅವರೇ ಒಪ್ಕೊಂಡ್ರಲ್ಲ, ಇನ್ಮೇಲೆ ಅದರ ಮೇಲೆ ಬಸ್ಸು ಬಿಡೋದಾ ಬೇಡವಾ?"

ಇದನ್ನು ಹೇಳಿದಾಗ ಅವನು ನಕ್ಕ ರಭಸಕ್ಕೆ ಕೈಯಲ್ಲಿದ್ದ ಚಹಾ ತುಳುಕಿತು.

"ಇಂಗ್ಲಿಷಿನವರು ತಮ್ಮನ್ನ ತಾವು ಹಳಿದುಕೊಳ್ಳೋದು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಕಣ್ರೀ. ಒಳಗೆ ಬರೋಕೆ ಒಂದು ಮರ್ಯಾದೆ. ಚಪ್ಪಲಿನೇ ಇಲ್ಲ ಅಂತ ಅರ್ಥ ಅಲ್ಲ."

"ಹಾಗಾದ್ರೆ ಕೇಳಿಸಿಕೊಂಡವರು ಏನು ಮಾಡ್ಬೇಕು?"

"ದೊಡ್ಡವರು ಅಂದಿದ್ರೆ ನಗಬೇಕು. ಬೇಕಾದವರು ಅಂದಿದ್ರೆ..."

"ಅಂದಿದ್ರೆ?"

ಅವನು ನನ್ನ ಮುಖ ನೋಡಲಿಲ್ಲ. ಗಾಜಿನಲ್ಲಿ ಮೂಡಿದ್ದ ನನ್ನ ಬಿಂಬವನ್ನು ನೋಡಿದ. "ಅದು ಮುಂದಿನ ಪಾಠ. ಗಂಟೆ ಹೊಡೀತು, ನಡೀರಿ."

ಆ ಪಾಠ ನಡೆಯಲೇ ಇಲ್ಲ. ಮೊದಲನೆಯದನ್ನೇ ಚೆನ್ನಾಗಿ ಉರು ಹೊಡೆದು ನಾನು ಆಟಕ್ಕಿಳಿದೆ.

"ಈ ಶರ್ಟು ನನ್ನ ಮೇಲೆ ನೇತು ಹಾಕಿದ ಹಾಗಿದೆ, ಅಲ್ವಾ?" ಅನ್ನುತ್ತಿದ್ದ ಅವನು.

"ಮೆಲ್ಲಗೆ. ಹ್ಯಾಂಗರಿಗೆ ಅವಮಾನ ಆಗುತ್ತೆ."

ಅವನು ನಗುತ್ತಿದ್ದ. ನಗುವ ಮುನ್ನ ಅರೆಕ್ಷಣ ಕಾಯುತ್ತಿದ್ದ. ಪರರ ಮಾತಿನ ನಡುವಿನ ಅರೆಕ್ಷಣಗಳನ್ನು ಅಳೆದೇ ಹೊಟ್ಟೆ ಹೊರೆಯುವ ನಾನು ಅದನ್ನು ಮಾತ್ರ ಅಳೆಯಲಿಲ್ಲ.

ಅಮ್ಮ ಅಳೆದಳು. ನಲವತ್ತು ವರ್ಷ ನರ್ಸಾಗಿದ್ದವಳು. ಅವನು ಒಮ್ಮೆ ಊಟಕ್ಕೆ ಬಂದು, "ನನ್ನಂಥ ದಂಡಪಿಂಡಕ್ಕೆ ಇಷ್ಟೆಲ್ಲ ಮಾಡಿದ್ದೀರಾ" ಅಂದಾಗ ನಾನು "ಬಡಿಸಿ ತಪ್ಪಾಯ್ತು ನೋಡಮ್ಮ" ಅಂದೆ. ಅಮ್ಮ, "ಹಾಗೆಲ್ಲ ಅನ್ಕೋಬಾರದಪ್ಪ" ಅಂದಳು. ಅವನ ಕಿವಿ ಕೆಂಪಾಯಿತು. ಅವನು ಹೋದ ಮೇಲೆ ನನಗೆ ಸಿಕ್ಕಿತು ಮಂಗಳಾರತಿ.

"ಅವನು ತನ್ನನ್ನ ಬೈಕೊಂಡ್ರೆ ನೀನು ತಾಳ ಹಾಕ್ತೀಯಲ್ಲೇ!"

"ಅಮ್ಮಾ, ಅದು ಇಂಗ್ಲಿಷ್ ಥರದ ತಮಾಷೆ. ನಿನಗೆ ಗೊತ್ತಾಗಲ್ಲ."

"ನನಗೆ ಗೊತ್ತಾಗದಿದ್ರೆ ಬಿಡು. ನಿನಗೆ ಗೊತ್ತಾದ್ರೆ ಸಾಕು."

ನಾವು ಜೊತೆಗೆ ಕೂರತೊಡಗಿದ ನಾಲ್ಕನೆಯ ವರ್ಷ, ಒಳಚರಂಡಿ ಕೊಳವೆಗಳದೊಂದು ಸಮ್ಮೇಳನ. ಅವನ ಸರದಿ ಮುಗಿಯುವ ಹೊತ್ತಿಗೆ ಪ್ರೊಜೆಕ್ಟರ್ ಕೆಟ್ಟಿತು. ವೇದಿಕೆಯಲ್ಲಿ ಮೂವರು ಒಂದು ವೈರನ್ನು ದಿಟ್ಟಿಸುತ್ತ ನಿಂತರು. ಅವನು ಮೈಕು ಆಫ್ ಮಾಡಿ, ಹೆಡ್‌ಫೋನ್ ಕುತ್ತಿಗೆಗಿಳಿಸಿದ.

"ಒಂದು ಪ್ರಶ್ನೆ. ನನ್ನಂಥ ಕೈಲಾಗದವನು ಬಂದು ಮದುವೆ ಆಗ್ತೀಯಾ ಅಂತ ಕೇಳಿದ್ರೆ, ಬುದ್ಧಿ ಇರೋ ಹುಡುಗಿ ಏನಂತಾಳೆ?"

"ಬುದ್ಧಿ ಇದ್ರೆ ಓಡಿ ಹೋಗ್ತಾಳೆ."

ಪುಣ್ಯಕ್ಕೆ ನನಗೆ ಬುದ್ಧಿ ಇಲ್ಲ ಎಂಬುದು ಮುಂದಿನ ವಾಕ್ಯ. ಅದು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಪರದೆ ಬೆಳಗಿತು, ನನ್ನ ಮೈಕಿನ ಕೆಂಪು ದೀಪ ಹತ್ತಿತು. ಇನ್ನೂರು ಜನರ ಕಿವಿಗೆ ನಾನು ಕೊಳವೆಗಳ ಇಳಿಜಾರಿನ ಬಗ್ಗೆ ಹೇಳತೊಡಗಿದೆ.

ಅರ್ಧ ಗಂಟೆ ಹೇಳಿದೆ. ಭಾಷಣದಲ್ಲಿ ಬರುವ ಅಂಕಿಗಳನ್ನು ಪಕ್ಕದವರು ಚೀಟಿಯಲ್ಲಿ ಬರೆದು ತೋರಿಸುವುದು ನಮ್ಮಲ್ಲಿ ವಾಡಿಕೆ. ಅವನು ಒಂದನ್ನೂ ತಪ್ಪಿಸದೆ ಬರೆದುಕೊಟ್ಟ. ಅಕ್ಷರ ನಡುಗಿರಲಿಲ್ಲ. ಅದನ್ನು ನೋಡಿ ಸಮಾಧಾನ ಮಾಡಿಕೊಂಡೆ: ತಮಾಷೆಯೇ ಆಗಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ 'ಆಗ್ತೀಯಾ' ಎಂಬ ಏಕವಚನ ಬಂದದ್ದು ನನಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ.

ವಾರದ ಮೇಲೆ, ನಮಗೆ ಕೆಲಸ ಹಂಚುವ ಏಜೆನ್ಸಿಯ ಅಕ್ಕ ಫೋನ್ ಮಾಡಿದಳು. ದೂರದ ಊರಿನ ದುಭಾಷಿಗಳ ತರಬೇತಿ ಶಾಲೆಯಿಂದ ಅವನಿಗೆ ಕರೆ ಬಂದಿತ್ತಂತೆ. ಉತ್ತರ ಕೊಡಲು ಕೊನೆಯ ದಿನ, ಆ ಸಮ್ಮೇಳನದ ದಿನ. "ಇಲ್ಲೇ ಉಳಿಯೋಕೆ ಒಂದು ಕಾರಣ ಇರಬಹುದು, ಕೇಳಿ ನೋಡ್ತೀನಿ ಅಂತಿದ್ದ ಕಣೇ. ಇರಲಿಲ್ವಂತೆ."

ತಕ್ಷಣ ಅವನಿಗೆ ಫೋನ್ ಮಾಡಿದೆ. ನಿಜವಾಗಿ ಕೇಳಿದ್ದಾ ಎಂದು ಕೇಳಬೇಕಿತ್ತು. ಹೋಗಬೇಡ ಅನ್ನಬೇಕಿತ್ತು. ಅವನು "ಹಲೋ" ಅಂದ ಕೂಡಲೇ ನನ್ನ ಬಾಯಿಗೆ ಬಂದದ್ದು ಬೇರೆ.

"ನಿಮ್ಮಂಥವರನ್ನೂ ಮೇಷ್ಟ್ರು ಮಾಡ್ತಾರಾ? ಆ ಶಾಲೆ ಗತಿ ಏನು!"

ಅವನು ನಕ್ಕ. ಈ ಸಲ ಅರೆಕ್ಷಣವೂ ಕಾಯಲಿಲ್ಲ.

ಏಳು ವರ್ಷದ ನಂತರ, ಹೊರನಾಡಿನವರೂ ಸೇರಿದ್ದ ಸಮ್ಮೇಳನವೊಂದಕ್ಕೆ ಅವನು ಅತಿಥಿ ಭಾಷಣಕಾರನಾಗಿ ಬಂದ. ಕೂದಲು ಬೆಳ್ಳಗಾಗಿತ್ತು, ಶರ್ಟು ಮೈಗೊಪ್ಪಿತ್ತು. ಹಾಗೆಂದು ಹೇಳೋಣವೆಂದುಕೊಂಡೆ, ಆದರೆ ಪಕ್ಕದಲ್ಲಿ ಅವನ ಹೆಂಡತಿ ಇದ್ದಳು.

"ಇವಳು ಸಂಗೀತದ ಟೀಚರ್. ಇಂಗ್ಲಿಷ್ ಬರಲ್ಲ, ಹಾಗಾಗಿ ನನ್ನನ್ನ ಸಹಿಸ್ಕೊಂಡಿದ್ದಾಳೆ."

"ಸುಮ್ನಿರಿ, ಸಾಕು," ಅಂದಳು ಆಕೆ ಥಟ್ಟನೆ. "ಹೀಗೇ ನೋಡಿ ಮೇಡಂ, ಮನೇಲೂ. ದಿನಕ್ಕೆ ಹತ್ತು ಸಲ ಬಾಯಿ ಮುಚ್ಚಿಸ್ಬೇಕು." ಅವನು ಬಾಯಿ ಮುಚ್ಚಿದ. ಅವನ ಮುಖದಲ್ಲಿ ನಾನು ಎಂದೂ ಕಾಣದ ನೆಮ್ಮದಿಯೊಂದಿತ್ತು.

ಗಾಜಿನ ಕೋಣೆಯಲ್ಲಿ ಮೊದಲ ಸರದಿ ನನ್ನದೇ.

"ನಾನು ಒಳ್ಳೆಯ ದುಭಾಷಿಯೇನೂ ಆಗಿರಲಿಲ್ಲ," ಎಂದು ಅವನು ಇಂಗ್ಲಿಷಿನಲ್ಲಿ ಶುರು ಮಾಡಿದ. "ಈ ಊರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ನನ್ನ ತಪ್ಪುಗಳನ್ನೆಲ್ಲ ಮುಚ್ಚಿಹಾಕುತ್ತಿದ್ದರು. ಅಂಥವರ ಪಕ್ಕ ಕೂರುವ ಯೋಗ್ಯತೆ ನನಗಿರಲಿಲ್ಲ."

ಒಂದು ಪದವನ್ನೂ ಬಿಡದೆ ತಂದೆ. ಇಂಗ್ಲಿಷ್ ಬಲ್ಲವರು ನಕ್ಕರು. ನಗು ಇಳಿಯಲೆಂದು ಅವನು ಲೋಟವೆತ್ತಿ ನೀರು ಕುಡಿದ. ಕೆಂಪು ದೀಪ ಉರಿಯುತ್ತಲೇ ಇತ್ತು.

"ಹಾಗಲ್ಲ," ಅಂದೆ ಮೈಕಿಗೆ. "ಇತ್ತು. ನಿನಗೆ ಇತ್ತು."

ಹಿಂದಿನ ಸಾಲುಗಳವರು ಅದೂ ಭಾಷಣದ ಭಾಗವೆಂದು ಕೇಳಿಸಿಕೊಂಡರು. ವೇದಿಕೆಯ ಮೇಲೆ ಅವನ ಕಿವಿಯಲ್ಲಿ ಹೆಡ್‌ಫೋನ್ ಇರಲಿಲ್ಲ. ಅವನು ಲೋಟ ಕೆಳಗಿಟ್ಟು ಮುಂದಿನ ಹಾಳೆ ತಿರುವಿದ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಮಾತ್ರ ಹೆಡ್‌ಫೋನನ್ನು ಕಿವಿಗೊತ್ತಿ ಹಿಡಿದು ಹಿಂತಿರುಗಿ ನೋಡಿದಳು. ಗಾಜಿನ ಕೋಣೆಯನ್ನು ಹುಡುಕಿದಳು, ನನ್ನನ್ನು ಕಂಡಳು. ದಿನವೂ ತಾನೊಬ್ಬಳೇ ಹೇಳಿ ಹೇಳಿ ದಣಿದ ಮಾತಿಗೆ ಇನ್ನೊಂದು ದನಿ ಸಿಕ್ಕಿತಲ್ಲ ಎಂಬಂತೆ, ನಗುತ್ತ ತಲೆದೂಗಿದಳು.